ಒಂದು ನಂಬರ್ ದೊಡ್ಡದಿರಲಿ ಎಂದು ತಂದ ಬಿಲ್ಲು

ಧಾರವಾಡದ ಸುಭಾಸ ರೋಡಿನಲ್ಲಿ ಬೂಟು ಕೊಡಿಸುವಾಗ ನಮ್ಮಪ್ಪ ಹೇಳುತ್ತಿದ್ದ ಮಾತು ಒಂದೇ: ‘ಬೆಳಿಯೋ ಹುಡುಗ, ಒಂದು ನಂಬರ್ ದೊಡ್ಡದನ್ನ ಕೊಡ್ರಿ.’ ಮೊದಲ ವರ್ಷ ತುದಿಗೆ ಹತ್ತಿ ತುರುಕಿ, ಎರಡನೇ ವರ್ಷ ಸರಿಯಾಗಿ, ಮೂರನೇ ವರ್ಷ ಬೆರಳು ಮಡಚಿಕೊಂಡು ಹಾಕುತ್ತಿದ್ದೆ. ಪುಣೆಗೆ ಬಂದು ಹದಿನಾಲ್ಕು ವರ್ಷವಾದರೂ ಆ ಲೆಕ್ಕ ನನ್ನ ತಲೆಯಿಂದ ಹೋಗಿಲ್ಲ. ಹನ್ನೊಂದು ವರ್ಷದ ಮಗಳಿಗೆ ಬಿಲ್ಲು ತರುವಾಗಲೂ ಅದನ್ನೇ ಹಾಕಿದೆ.

ಬಿಲ್ಲಿನ ಹುಚ್ಚು ಹತ್ತಿದ್ದು ಬೇಸಿಗೆ ಶಿಬಿರದಲ್ಲಿ. ಅಲ್ಲಿ ಮಕ್ಕಳ ಕೈಗೆ ಬಿದಿರಿನ ಬಿಲ್ಲು ಕೊಟ್ಟು ಹತ್ತು ಮೀಟರ್ ದೂರದ ಹುಲ್ಲಿನ ಪಟ್ಟಿಗೆ ಬಾಣ ಬಿಡಿಸುತ್ತಿದ್ದರು. ಮಹಾರಾಷ್ಟ್ರದಲ್ಲಿ ಈ ಆಟದ ಗಾಳಿ ಜೋರಾಗಿಯೇ ಇದೆ. ಪಕ್ಕದ ಸಾತಾರಾ ಜಿಲ್ಲೆಯ ಅದಿತಿ ಸ್ವಾಮಿ 2023ರಲ್ಲಿ ಬರ್ಲಿನ್‌ನಲ್ಲಿ ಕಾಂಪೌಂಡ್ ಬಿಲ್ಲಿನಲ್ಲಿ ವಿಶ್ವ ಚಾಂಪಿಯನ್ ಆದಾಗ ಆಕೆಗೆ 17 ವರ್ಷ. ಶಿಬಿರ ಮುಗಿಯುವಷ್ಟರಲ್ಲಿ ಮಗಳ ಕೋಣೆಯ ಗೋಡೆ ಮೇಲೆ ಅದಿತಿಯ ಫೋಟೊ, ಬಾಯಲ್ಲಿ ‘ಪಪ್ಪಾ, ಗಾಲಿ ಇರೋ ಬಿಲ್ಲು ಬೇಕು.’

ಗಾಲಿ ಇರುವ ಬಿಲ್ಲು ಎಂದರೆ ಕಾಂಪೌಂಡ್. ಅಂಗಡಿಯಲ್ಲಿ ಬೆಲೆ ಕೇಳಿ ಸುಮ್ಮನಾಗಿದ್ದೆ. ಆಗಲೇ ಆಫೀಸಿನ ಹಿರಿಯರೊಬ್ಬರು, ಅಮೆರಿಕದ ಮಿಷಿಗನ್‌ನಲ್ಲಿ ಹತ್ತು ವರ್ಷ ಇದ್ದು ಬಂದವರು, ‘ನನ್ನ ಹತ್ತಿರ ಒಂದು ಸುಮ್ಮನೆ ಬಿದ್ದಿದೆ, ತಗೊಂಡು ಹೋಗು’ ಎಂದರು. ಅಲ್ಲಿ ಅಕ್ಟೋಬರ್ 1ಕ್ಕೆ ಬಿಲ್ಲಿನಿಂದ ಜಿಂಕೆ ಬೇಟೆಯಾಡುವ ಸೀಸನ್ ಶುರು. ಶಾಲೆಯ ಮಕ್ಕಳೂ ಅಪ್ಪನ ಜೊತೆ ಮರದ ಮೇಲಿನ ಮಚಾನು ಹತ್ತುತ್ತಾರಂತೆ. ಇವರೂ ನೆರೆಯವರ ಜೊತೆ ನಾಲ್ಕು ಸಲ ಹೋಗಿದ್ದರು. ಒಂದು ಜಿಂಕೆಯೂ ಬೀಳಲಿಲ್ಲ ಎಂದು ನಕ್ಕರು.

ಪೆಟ್ಟಿಗೆ ಮನೆಗೆ ಬಂತು. ಹೊರತೆಗೆದ ನನ್ನ ಹೆಂಡತಿ ಮೊದಲು ಕಂಡದ್ದು ಬಾಣದ ಮೊನೆಗಳನ್ನು: ಒಂದೊಂದಕ್ಕೂ ಮೂರು ಬ್ಲೇಡು, ಗಡ್ಡ ಹೆರೆಯುವಷ್ಟು ಹರಿತ. ‘ಇದು ಆಟದ ಸಾಮಾನೇನ್ರಿ?’ ಎಂದಳು. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಎಂಬುದು ಬೇಡರ ಕಣ್ಣಪ್ಪನ ಸಿನಿಮಾದಲ್ಲಷ್ಟೇ. ಮೊನೆಗಳನ್ನು ಅವತ್ತೇ ವಾಪಸ್ ಕೊಟ್ಟೆ. ಬಿಲ್ಲನ್ನೂ ಕೊಡಬೇಕಿತ್ತು.

ಅದರ ಮೇಲೆ ಎರಡು ಸಂಖ್ಯೆ ಇದ್ದವು. ಎಳೆತದ ಉದ್ದ 26ರಿಂದ 29 ಇಂಚು, ಎಳೆತದ ಭಾರ 50ರಿಂದ 60 ಪೌಂಡ್. ಜೊತೆಗೆ ‘80 ಪ್ರತಿಶತ ಲೆಟ್-ಆಫ್’. ಅಂದರೆ ಹೆದೆಯನ್ನು ಪೂರ್ತಿ ಎಳೆದಾಗ ಗಾಲಿಗಳು ತಿರುಗಿ ಭಾರದ ಐದರಲ್ಲಿ ನಾಲ್ಕು ಪಾಲು ಇಳಿಸಿಬಿಡುತ್ತವೆ, 50 ಪೌಂಡಿನ ಬಿಲ್ಲಿನಲ್ಲಿ ಬೆರಳಿಗೆ ಉಳಿಯುವುದು ಹತ್ತೇ ಪೌಂಡು. ಎಂಜಿನಿಯರ್ ತಲೆ ನೋಡಿ, ಹತ್ತು ಪೌಂಡ್ ತಾನೆ, ನಾಲ್ಕೂವರೆ ಕೆ.ಜಿ., ಎಂದುಕೊಂಡೆ. ಆ ಹತ್ತಕ್ಕೆ ಇಳಿಯುವ ಮೊದಲು ಐವತ್ತನ್ನು ದಾಟಲೇಬೇಕು. ಐವತ್ತು ಪೌಂಡ್ ಎಂದರೆ 22 ಕೆ.ಜಿ. ಮೀರುತ್ತದೆ, ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ತುಂಬುವ ಗ್ಯಾಸಿನ ಒಂದೂವರೆ ಪಟ್ಟು. ನನ್ನ ಮಗಳೇ ಇರುವುದು 32 ಕೆ.ಜಿ.

ಟೆರೇಸಿನಲ್ಲಿ ಮೊದಲ ಸಲ ಎಳೆದಾಗ ಅರ್ಧಕ್ಕೂ ಬರಲಿಲ್ಲ. ಭುಜ ಕಿವಿಯವರೆಗೆ ಏರಿತ್ತು, ಸೊಂಟ ಹಿಂದಕ್ಕೆ ಬಾಗಿತ್ತು. ಹೆದೆ ಕೈತಪ್ಪದಂತೆ ನಾನೇ ಹಿಡಿದು ನಿಧಾನಕ್ಕೆ ಬಿಟ್ಟೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಆ ಶಕ್ತಿಯೆಲ್ಲ ಬಿಲ್ಲಿನ ಮೇಲೇ ತಿರುಗುತ್ತದೆ, ಕಾಂಪೌಂಡ್ ಸಿಡಿದು ಚೂರಾಗಬಹುದು ಎಂದು ಓದಿದ್ದೆ. ಅಷ್ಟು ಓದಿದವನು ಇನ್ನೊಂದಿಷ್ಟು ಓದಬಹುದಿತ್ತು. ‘ದಿನಾ ಹತ್ತು ಸಲ ಎಳಿ, ಎರಡು ವಾರದಾಗ ಬರ್ತದ’ ಎಂದೆ. ಹಟಮಾರಿ ಹುಡುಗಿ, ಎಳೆದಳು.

ಒಂಬತ್ತನೇ ದಿನ ಬೆಳಿಗ್ಗೆ ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದುದನ್ನು ಅವಳ ಅಮ್ಮ ನೋಡಿದಳು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ನಾಲ್ಕು ದಿನದಿಂದ ನೋವಿತ್ತಂತೆ, ಹೇಳಿದರೆ ಬಿಲ್ಲು ವಾಪಸ್ ಹೋಗುತ್ತದೆಂದು ಹೇಳಿರಲಿಲ್ಲ. ವೈದ್ಯರು ಸ್ನಾಯುಬಂಧ ಎಳೆದುಕೊಂಡಿದೆ, ಮೂರು ವಾರ ವಿಶ್ರಾಂತಿ ಎಂದರು. ಬೆಳೆಯುವ ಮಕ್ಕಳ ಎಲುಬಿನ ತುದಿಯಲ್ಲಿ ಮೃದುವಾದ ಒಂದು ಪದರ ಇರುತ್ತದೆ, ಎಲುಬು ಉದ್ದವಾಗುವುದು ಅಲ್ಲಿಂದಲೇ, ಅದಕ್ಕೆ ಪೆಟ್ಟಾಗದ್ದು ನಿಮ್ಮ ಪುಣ್ಯ ಎಂದೂ ಸೇರಿಸಿದರು. ಆಸ್ಪತ್ರೆಯಿಂದ ಬರುವಾಗ ಕಾರಿನಲ್ಲಿ ಯಾರೂ ಮಾತಾಡಲಿಲ್ಲ. ಮನೆಗೆ ಬಂದಮೇಲೆ ಮಗಳು ಅದಿತಿಯ ಫೋಟೊ ತೆಗೆದು ಡ್ರಾಯರಿನಲ್ಲಿಟ್ಟಳು.

ಶಿಬಿರದ ತರಬೇತುದಾರರನ್ನು ನಾನು ಹುಡುಕಿಕೊಂಡು ಹೋದದ್ದು ಆಮೇಲೆ. ಮೊದಲೇ ಹೋಗಬೇಕಿತ್ತು ಎಂದು ಅವರು ಹೇಳಲಿಲ್ಲ, ಮುಖದಲ್ಲಿತ್ತು. ಭುಜ ವಾಸಿಯಾದಮೇಲೆ ಕರೆದುಕೊಂಡು ಬನ್ನಿ ಎಂದರು. ಮಗಳು ಬರಲೊಲ್ಲೆ ಎಂದಳು. ‘ಬರೀ ಅಳತಿ ಕೊಟ್ಟು ಬರೋಣ, ಟೇಲರ್ ಅಂಗಡಿಗೆ ಹೋದಂಗ’ ಎಂದು ಪುಸಲಾಯಿಸಿದೆ.

ನಿಜಕ್ಕೂ ಟೇಲರ್ ಅಂಗಡಿಯೇ. ಗೋಡೆಗೆ ಒರಗಿಸಿ ಎರಡೂ ಕೈ ಚಾಚಿಸಿ, ಈ ಮಧ್ಯದ ಬೆರಳಿನಿಂದ ಆ ಮಧ್ಯದ ಬೆರಳಿಗೆ ಟೇಪು ಹಿಡಿದರು: 57 ಇಂಚು. ಎರಡೂವರೆಯಿಂದ ಭಾಗಿಸಿದರೆ 22.8. ‘ಇದು ಅಂದಾಜು’ ಎಂದು, ಎಷ್ಟು ಎಳೆದರೂ ಭಾರವೇ ಗೊತ್ತಾಗದಂಥ ಹಗುರ ಬಿಲ್ಲೊಂದನ್ನು ಕೊಟ್ಟು, ಗುರುತು ಹಾಕಿದ ಉದ್ದನೆಯ ಬಾಣವನ್ನು ಹೂಡಿಸಿ ಎಳೆಸಿದರು. ಕೈಬೆರಳು ದವಡೆಯ ಕೆಳಗೆ ನಿಂತಾಗ ಗುರುತು ತೋರಿಸಿದ್ದು 22. ನನ್ನ ಪುಕ್ಕಟೆ ಬಿಲ್ಲಿನ ಅತಿ ಚಿಕ್ಕ ಅಳತೆಗಿಂತ ನಾಲ್ಕು ಇಂಚು ಕಡಿಮೆ.

ಕಾಂಪೌಂಡಿನಲ್ಲಿ ಈ ನಾಲ್ಕು ಇಂಚನ್ನು ಹೊಂದಿಸಿಕೊಳ್ಳಲು ಬರುವುದಿಲ್ಲ. ಅದರ ಎಳೆತಕ್ಕೆ ಗಾಲಿ ಕಟ್ಟಿದ ಗೋಡೆಯಿದೆ. ಆ ಗೋಡೆ ಮುಟ್ಟದೆ ಭಾರ ಇಳಿಯುವುದಿಲ್ಲ, ಮುಟ್ಟಲು ಹೋದರೆ ಮಗು ಹಿಂದಕ್ಕೆ ವಾಲುತ್ತದೆ. 13 ಇಂಚಿನಿಂದ 30ರವರೆಗೆ ಹೊಂದಿಸಬಲ್ಲ ಮಕ್ಕಳ ಕಾಂಪೌಂಡೂ ಇವೆ. ಅಮೆರಿಕದ ಶಾಲೆಗಳಲ್ಲಿ ಬಳಸುವ ಜೆನೆಸಿಸ್ ಎಂಬ ಬಿಲ್ಲಿಗೆ ಲೆಟ್-ಆಫ್ ಇಲ್ಲ, ಗೋಡೆಯೂ ಇಲ್ಲ, 10ರಿಂದ 20 ಪೌಂಡ್ ಅಷ್ಟೇ. ಹಾಗಾಗಿ ಐದನೇ ಕ್ಲಾಸಿನವನೂ ಅವನ ಮೇಷ್ಟರೂ ಒಂದೇ ಬಿಲ್ಲು ಎಳೆಯಬಹುದು. ಆದರೆ ಕಾಂಪೌಂಡ್ ಎಂದರೆ ಬಿಲ್ಲಿನದೇ ತೂಕ ಬೇರೆ, ಅದನ್ನು ಚಾಚಿದ ಎಡಗೈಯಲ್ಲಿ ಹಿಡಿದು ನಿಲ್ಲಬೇಕು. ‘ಬೆನ್ನು ಎಳೆಯೋದನ್ನ ಕಲಿಯಲಿ, ಗಾಲಿ ಆಮೇಲೆ’ ಎಂದರು ಅವರು, ಮರಾಠಿಯಲ್ಲಿ.

ಹಾಗಾಗಿ ಮರದ ಹಿಡಿಯ ರಿಕರ್ವ್. ಬಿಲ್ಲಿನ ಉದ್ದ 62 ಇಂಚು. ಕೈ ಮೋಟಾಗಿದ್ದರೆ ಬಿಲ್ಲೂ ಮೋಟಾಗಿರಬೇಕು, ಉದ್ದ ಬಿಲ್ಲನ್ನು ಅರ್ಧ ಎಳೆದರೆ ಅದರ ರೆಕ್ಕೆ ಬಾಗುವುದೇ ಇಲ್ಲ. ರೆಕ್ಕೆ ಅಂದರೆ ಲಿಂಬ್. ಸ್ಕ್ರೂ ಬಿಚ್ಚಿ ಬದಲಾಯಿಸಬಹುದು. ನಾವು ಕೊಂಡದ್ದರ ಮೇಲೆ 18 ಪೌಂಡ್ ಎಂದಿತ್ತು. ಅದು 28 ಇಂಚು ಎಳೆದಾಗಿನ ಲೆಕ್ಕ. ಪ್ರತಿ ಇಂಚು ಕಡಿಮೆಯಾದಂತೆ ಒಂದೂವರೆ-ಎರಡು ಪೌಂಡ್ ಇಳಿಯುತ್ತದೆ. ಮನೆಯಲ್ಲಿ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಹೆದೆ ಸಿಕ್ಕಿಸಿ 22 ಇಂಚು ಎಳೆದು ನೋಡಿದೆ: 4.2 ಕೆ.ಜಿ., ಒಂಬತ್ತೂ ಕಾಲು ಪೌಂಡ್. ‘ಇಷ್ಟೇನಾ?’ ಎನಿಸಿತು. ಬೂಟಿನ ಬುದ್ಧಿ ಸುಲಭಕ್ಕೆ ಹೋಗುವುದಿಲ್ಲ. ಅವರ ಪರೀಕ್ಷೆ ಸರಳವಾಗಿತ್ತು: ಎಳೆದು ಮೂವತ್ತು ಸೆಕೆಂಡ್ ನಿಲ್ಲಬೇಕು, ಭುಜ ಏರಬಾರದು. ಮೊದಲ ದಿನ ಆ ಒಂಬತ್ತು ಪೌಂಡಿನಲ್ಲೂ ಹದಿನೆಂಟಕ್ಕೆ ನಡುಗಿದಳು. ನಾನೂ ಎಳೆದು ನಿಂತು ನೋಡಿದೆ. ನನ್ನ ಸೆಕೆಂಡುಗಳನ್ನು ಇಲ್ಲಿ ಬರೆಯುವುದಿಲ್ಲ.

ಬಾಣದಲ್ಲೂ ಉಳಿತಾಯ ಮಾಡಲು ಹೊರಟಿದ್ದೆ. ಪೆಟ್ಟಿಗೆಯಲ್ಲಿ ಆರು ಕಾರ್ಬನ್ ಬಾಣ ಇದ್ದವು, 28 ಇಂಚು, ಮೇಲೆ 400 ಎಂಬ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಗಡಸು. ಹಗುರ ಬಿಲ್ಲಿನಿಂದ ಬಿಟ್ಟಾಗ ಬಾಣ ತುಸು ಬಾಗಿ ಹಿಡಿಯನ್ನು ಬಳಸಿಕೊಂಡು ಹೋಗಬೇಕು. ಬಾಗದ ಬಾಣ ಬಲಗೈಯವರಿಗೆ ಎಡಕ್ಕೇ ಬೀಳುತ್ತದೆ. ಗುರಿ ಸರಿಯಿದ್ದರೂ ತಪ್ಪುತ್ತಿದ್ದರೆ ಮಗು ತನ್ನ ಕಣ್ಣನ್ನೇ ಅನುಮಾನಿಸುತ್ತದೆ. ಹೊಸ ಆರು ಬಾಣ ತಂದೆವು, ತೆಳ್ಳಗಿನವು. ಉದ್ದ ಮಾತ್ರ ಎಳೆತಕ್ಕಿಂತ ಎರಡು ಇಂಚು ಜಾಸ್ತಿ. ಚಿಕ್ಕ ಬಾಣ ಎಳೆಯುವಾಗ ಹಿಂದಕ್ಕೆ ಜಾರಿ ಬಿಲ್ಲು ಹಿಡಿದ ಕೈಗೇ ಚುಚ್ಚಬಹುದು. ಇಡೀ ಸಾಮಾನಿನಲ್ಲಿ ನಮ್ಮಪ್ಪನ ಲೆಕ್ಕ ಸರಿಹೊಂದಿದ್ದು ಇದೊಂದಕ್ಕೆ.

ಬಿಲ್ಲು ಬಂದಮೇಲೂ ಮೂರು ವಾರ ಅವಳು ಅದನ್ನು ಮುಟ್ಟಲಿಲ್ಲ. ನಾನೂ ಕೇಳಲಿಲ್ಲ. ಒಂದು ಭಾನುವಾರ ನಾನು ಇದ್ಲಿ ಹಿಟ್ಟು ತರಲು ಹೋಗಿ ಬರುವಷ್ಟರಲ್ಲಿ ಹಾಲಿನಲ್ಲಿ ಕನ್ನಡಿ ಎದುರು ಹೆದೆ ಹಿಡಿದು ನಿಂತಿದ್ದಳು, ಅಮ್ಮ ಮೊಬೈಲಿನಲ್ಲಿ ಸೆಕೆಂಡ್ ಎಣಿಸುತ್ತಿದ್ದಳು. ಇಪ್ಪತ್ತಾರು. ಹಿಟ್ಟಿನ ಚೀಲ ಹಿಡಿದು ಬಾಗಿಲಲ್ಲೇ ನಿಂತೆ.

ಹಿರಿಯರ ಬಿಲ್ಲು ಅವರ ಅಟ್ಟಕ್ಕೆ ವಾಪಸ್ ಹೋಗಿದೆ. ನಮ್ಮ ಮನೆಯ ಬಾಗಿಲ ಚೌಕಟ್ಟಿನ ಮೇಲೆ ಈಗ ಎರಡು ಸಾಲು ಪೆನ್ಸಿಲ್ ಗುರುತು, ಒಂದು ಎತ್ತರದ್ದು, ಒಂದು ಎಳೆತದ್ದು. 23 ಇಂಚು ಮುಟ್ಟಿದ ದಿನ 22 ಪೌಂಡಿನ ರೆಕ್ಕೆ ಹಾಕೋಣ ಎಂದಿದ್ದಾರೆ ತರಬೇತುದಾರರು. ಕಳೆದ ವಾರ ಅಳೆದೆ. ಇನ್ನೂ ಕಾಲಿಂಚು ಬೇಕು.

‘ಮುಟ್ಟೇದ ಅಂತ ಬರಿ ಪಪ್ಪಾ, ಹೆಂಗಿದ್ರೂ ಬೆಳೀತೀನಲ್ಲ’ ಎಂದಳು.

22 ಮುಕ್ಕಾಲು ಎಂದೇ ಬರೆದೆ.