ತಂತ್ರಾಂಶ: ಕೊಳ್ಳುವ ಸರಕೋ, ತೆರುವ ಬಾಡಿಗೆಯೋ?

ಬೆಳಗಾವಿಯ ಉದ್ಯಮಬಾಗದಲ್ಲಿರುವ ಯಾವುದಾದರೂ ಎರಕದ ಕಾರ್ಖಾನೆಯನ್ನು ನೀವು ಒಳಹೊಕ್ಕು ನೋಡಿದ್ದೀರಾ? ಕುಲುಮೆಯಲ್ಲಿ ಕಬ್ಬಿಣ ಕರಗುತ್ತಿರುತ್ತದೆ. ಮರಳಿನ ಅಚ್ಚುಗಳು ಸಾಲಾಗಿ ಕಾದಿರುತ್ತವೆ. ಇಲ್ಲಿಯ ಖರ್ಚು ಏನೇನು ಎಂದು ಕೇಳಿದರೆ ಗುಜರಿ ಕಬ್ಬಿಣ, ಮರಳು, ವಿದ್ಯುತ್, ಕೂಲಿ, ಸಾಗಾಟ ಎಂದು ನೀವು ಥಟ್ಟನೆ ಹೇಳಬಹುದು. ಈಗ ಆ ಪಟ್ಟಿಗೆ ಇನ್ನೊಂದು ಬಾಬು ಸೇರಿದೆ. ಅದು ಕಣ್ಣಿಗೆ ಕಾಣದ ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ಈ ಖರ್ಚು ಏಕೆ ಬಂತು, ಹೇಗೆ ಬೆಳೆಯುತ್ತಿದೆ ಎಂಬುದನ್ನು ನೋಡೋಣ.

ಮೊದಲು ಲೆಕ್ಕಪತ್ರದ ಮಾತು. ಕೆಂಪು ರಟ್ಟಿನ ಕಿರ್ದಿ, ಖತಾವಣಿಗಳ ಜಾಗಕ್ಕೆ ಗಣಕಯಂತ್ರ ಬಂದದ್ದು ನಿಧಾನವಾಗಿ. ಬೆಂಗಳೂರಿನಲ್ಲಿ ಶ್ಯಾಮಸುಂದರ ಗೋಯೆಂಕಾ ಮತ್ತು ಅವರ ಮಗ ಭರತ್ ಗೋಯೆಂಕಾ 1986ರಲ್ಲಿ ಕಟ್ಟಿದ ಸಂಸ್ಥೆಯ 'ಟ್ಯಾಲಿ' ಮುಂದೆ ಸಣ್ಣ ಅಂಗಡಿಗಳನ್ನೂ ತಲುಪಿತು. ಆದರೆ ವೇಗ ಕೊಟ್ಟದ್ದು ಕಾನೂನು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂತು. 2020ರ ಅಕ್ಟೋಬರ್‌ನಲ್ಲಿ ವಾರ್ಷಿಕ 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಉದ್ಯಮಗಳು ಇತರ ಉದ್ಯಮಗಳಿಗೆ ಮಾರುವಾಗ ವಿದ್ಯುನ್ಮಾನ ಬಿಲ್ಲನ್ನೇ ಮಾಡಬೇಕೆಂದಾಯಿತು. ಆ ಮಿತಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ಬಂತು. ಮೂರು ವರ್ಷ ತುಂಬುವುದರೊಳಗೆ ಮಧ್ಯಮ ಗಾತ್ರದ ಕಾರ್ಖಾನೆಯೂ ತಂತ್ರಾಂಶಕ್ಕೆ ಹಣ ತೆಗೆದಿಡಬೇಕಾಯಿತು. ಇದು ಮಾಲೀಕ ಮನಸ್ಸಾರೆ ಮಾಡಿದ ಖರ್ಚಲ್ಲ, ಮಾಡಲೇಬೇಕಾದ ಖರ್ಚು.

ಎರಡನೆಯದು ಉತ್ಪಾದನೆಯ ಖರ್ಚು. ಕರಗಿದ ಲೋಹ ತಣಿಯುವಾಗ ಕುಗ್ಗುತ್ತದೆ. ಕೊನೆಗೆ ಗಟ್ಟಿಯಾಗುವ ಜಾಗದಲ್ಲಿ ಟೊಳ್ಳು ಉಳಿಯುವ ಸಂಭವವಿದೆ. ಹಿಂದೆ ಎರಕ ಹೊಯ್ದು, ಕತ್ತರಿಸಿ ನೋಡಿ, ಅಚ್ಚನ್ನು ತಿದ್ದಿ, ಮತ್ತೆ ಹೊಯ್ಯುತ್ತಿದ್ದರು. ಈಗ ಲೋಹ ಹೇಗೆ ಹರಿಯುತ್ತದೆ, ಎಲ್ಲಿ ತಡವಾಗಿ ತಣಿಯುತ್ತದೆ ಎಂಬುದನ್ನು ಗಣಕದ ಪರದೆಯ ಮೇಲೆ ಮೊದಲೇ ಲೆಕ್ಕಹಾಕಿ ನೋಡುವ ತಂತ್ರಾಂಶಗಳಿವೆ. ಅಂಥದೊಂದು, 'ಆಟೊಕಾಸ್ಟ್', ಮುಂಬಯಿಯ ಐಐಟಿಯ ಸಂಶೋಧನೆಯಿಂದ ಬಂದದ್ದು. ಒಂದು ಪರೀಕ್ಷಾ ಎರಕ ಉಳಿದರೂ ವಿದ್ಯುತ್, ದಿನಗಳು, ಕೂಲಿ ಉಳಿದಂತೆ. ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ. ಅಂಥ ಕೆಲಸದಲ್ಲಿ ಗ್ರಾಹಕನ ನಕ್ಷೆಯೇ ಗಣಕದ ಕಡತವಾಗಿ ಬರುತ್ತದೆ. ಅದನ್ನು ತೆರೆಯಲಾರದವನಿಗೆ ಆರ್ಡರ್ ಸಿಗುವುದಿಲ್ಲ.

ಇನ್ನು ಹಣ ಕೊಡುವ ರೀತಿಯೇ ಬದಲಾಗಿದೆ. ಮೊದಲು ತಂತ್ರಾಂಶವನ್ನು ಒಮ್ಮೆ ಕೊಂಡರೆ ಮುಗಿಯಿತು. ಈಗ ಬಹಳಷ್ಟು ತಂತ್ರಾಂಶಗಳು ತಿಂಗಳ ಅಥವಾ ವರ್ಷದ ಬಾಡಿಗೆಗೆ ಸಿಗುತ್ತವೆ. ನಕ್ಷೆ ಬರೆಯುವ 'ಆಟೊಕ್ಯಾಡ್'ನ ಹೊಸ ಶಾಶ್ವತ ಪರವಾನಗಿಯ ಮಾರಾಟ 2016ರಲ್ಲಿ ನಿಂತಿತು. ವಾಣಿಜ್ಯ ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು: ಬಂಡವಾಳ ವೆಚ್ಚವಾಗಿದ್ದುದು ದಿನನಿತ್ಯದ ವೆಚ್ಚವಾಯಿತು.

ಒಂದು ಲೆಕ್ಕ ಮಾಡೋಣ. ಅಂಕಿಗಳು ನಮ್ಮ ಊಹೆಯವು. ಒಂದು ತಂತ್ರಾಂಶದ ಕೊಳ್ಳುವ ಬೆಲೆ 72,000 ರೂಪಾಯಿ, ಬಾಡಿಗೆ ತಿಂಗಳಿಗೆ 3,000 ಎನ್ನಿ. 24 ತಿಂಗಳಿಗೆ ಎರಡೂ ಸಮ. ಐದು ವರ್ಷ ಬಳಸಿದರೆ ಬಾಡಿಗೆ 1,80,000 ಆಗುತ್ತದೆ. ಮೂರು ತಿಂಗಳ ಒಂದೇ ಆರ್ಡರ್‌ಗೆ ಬೇಕಿದ್ದರೆ 9,000ಕ್ಕೆ ಕೆಲಸ ಮುಗಿಯುತ್ತದೆ. ಬಾಡಿಗೆ ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಎಷ್ಟು ದಿನ ಬಳಸುತ್ತೀರಿ ಎಂಬುದೇ ಮುಖ್ಯ.

ಇದೇ ದಾರಿಯಲ್ಲಿ ಕೃತಕ ಬುದ್ಧಿಮತ್ತೆ ಬಂದಿದೆ. 2022ರ ನವೆಂಬರ್‌ನಲ್ಲಿ 'ಚಾಟ್‌ಜಿಪಿಟಿ' ಹೊರಬಂದ ಮೇಲೆ ಪತ್ರ ಬರೆಯಲು, ಕೊಟೇಶನ್ ತಯಾರಿಸಲು, ಲೆಕ್ಕ ವಿಂಗಡಿಸಲು ಇಂಥ ಸಾಧನಗಳಿಗೆ ಉದ್ಯಮಗಳು ಹಣ ಕೊಡತೊಡಗಿದವು. ಇದರ ದರ ಎರಡು ಬಗೆ. ಒಂದು, ತಲೆಗಿಷ್ಟು ಎಂಬ ದರ. ತಲೆಗೆ ತಿಂಗಳಿಗೆ 1,000ದಂತೆ ಎಂಟು ಜನರಿಗೆ ವರ್ಷಕ್ಕೆ 96,000. ಬಳಸುವವರು ಮೂವರೇ ಆದರೆ 60,000 ನೀರಿನಲ್ಲಿ ಹೋಮ. ಇನ್ನೊಂದು, ಬಳಸಿದಷ್ಟು ದರ. ಬರಹವನ್ನು 'ಟೋಕನ್' ಎಂಬ ತುಣುಕುಗಳಾಗಿ ಒಡೆದು ಎಣಿಸುತ್ತಾರೆ. ಅನೇಕ ಸಾಧನಗಳಲ್ಲಿ ಇಂಗ್ಲಿಷಿಗಿಂತ ಕನ್ನಡದ ಅದೇ ಮಾತು ಹೆಚ್ಚು ತುಣುಕಾಗುತ್ತದೆ. ಹಾಗಾಗಿ ಕನ್ನಡದಲ್ಲಿ ಕೇಳಿದವನಿಗೆ ಬಿಲ್ಲೂ ಹೆಚ್ಚು. ಇದು ಎಂಜಿನಿಯರಿಂಗ್ ಓದುವ ಕನ್ನಡದ ಮಕ್ಕಳು ತಿದ್ದಬಹುದಾದ ಕೊರತೆ.

ಈಗ ಖಾನಾಪುರಕ್ಕೆ ಬನ್ನಿ. ಅಲ್ಲಿಯ ಮಣ್ಣಿನ ಹೆಂಚು, ಇಟ್ಟಿಗೆ, ಕುಂಬಾರಿಕೆ ಹೆಸರಾದವು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಸಣ್ಣ ಭಟ್ಟಿಯವನಿಗೆ ಕೃತಕ ಬುದ್ಧಿಮತ್ತೆ ಬೇಕೇ? ಯಾವ ಮಣ್ಣು, ಎಷ್ಟು ಒಣಗಿಸಿದೆವು, ಎಷ್ಟು ಹೊತ್ತು ಸುಟ್ಟೆವು, ನೂರಕ್ಕೆ ಎಷ್ಟು ಒಡೆದವು ಎಂದು ಯಾರೂ ಬರೆದಿಡದಿದ್ದರೆ ಯಂತ್ರಕ್ಕೆ ಕಲಿಯಲು ಏನೂ ಇಲ್ಲ. ಅವನಿಗೆ ಮೊದಲು ಬೇಕಾದದ್ದು ಒಂದು ವಹಿ, ಒಂದು ಪೆನ್ಸಿಲು. ಒಂದು ಮಳೆಗಾಲ, ಒಂದು ಬೇಸಿಗೆ ದಾಖಲಿಸಿದ ಮೇಲೆ ತಂತ್ರಾಂಶದ ಯೋಚನೆ ಮಾಡಿದರೆ ಹಣಕ್ಕೆ ಬೆಲೆ ಸಿಗುತ್ತದೆ.

ಇದರಿಂದ ನಮ್ಮ ಕೆಲಸ ಹೋಗುವುದೇ ಎಂಬ ಅಳುಕು ನಿಮಗಿರಬಹುದು. ಬರೀ ಬಿಲ್ಲು ನಕಲು ಮಾಡುವ ಕೆಲಸ ಕಡಿಮೆಯಾಗುವುದು ಸಹಜ. ಆದರೆ ಯಂತ್ರ ತಪ್ಪು ಉತ್ತರವನ್ನೂ ಧೈರ್ಯವಾಗಿಯೇ ಹೇಳುತ್ತದೆ. ತೆರಿಗೆಯ ದರವೋ ಎರಕದ ಅಳತೆಯೋ ತಪ್ಪಿದರೆ ನಷ್ಟ ಮಾಲೀಕನದು. ಆ ತಪ್ಪನ್ನು ಹಿಡಿಯಬಲ್ಲವನು ಲೆಕ್ಕಶಾಸ್ತ್ರವನ್ನೋ ಲೋಹಶಾಸ್ತ್ರವನ್ನೋ ಚೆನ್ನಾಗಿ ಓದಿದವನೇ.

ನೀವೇ ಮಾಡಿ ನೋಡಿ: ನಿಮ್ಮೂರಿನ ಒಬ್ಬ ಅಂಗಡಿಕಾರರನ್ನೋ ಕಾರ್ಖಾನೆಯವರನ್ನೋ ವಿನಯದಿಂದ ಕೇಳಿ. ತಂತ್ರಾಂಶಕ್ಕೆ ವರ್ಷಕ್ಕೆ ಎಷ್ಟು ಕೊಡುತ್ತೀರಿ? ಅದು ಕಾನೂನಿಗಾಗಿಯೋ, ಉತ್ಪಾದನೆಗಾಗಿಯೋ? ಬಾಡಿಗೆ ನಿಲ್ಲಿಸಿದರೆ ಹಳೆಯ ಲೆಕ್ಕ ನಿಮ್ಮ ಕೈಗೆ ಸಿಗುತ್ತದೆಯೇ? ಉತ್ತರಗಳನ್ನು ಬರೆದುಕೊಂಡು ತರಗತಿಯಲ್ಲಿ ಚರ್ಚಿಸಿ.