ಪ್ರವಾಹ ಇಳಿದ ಮೇಲೆ ಬರುವ ಕಾಯಿಲೆಗಳು

ಭೂಕಂಪ, ಸುನಾಮಿ, ಚಂಡಮಾರುತ, ಬರ ಎಂದು ಪಾಠದಲ್ಲಿ ಓದಿರುತ್ತೀರಿ. ಹೈದರಾಬಾದಿಗೆ ಸಮುದ್ರವಿಲ್ಲ, ದೊಡ್ಡ ಭೂಕಂಪವೂ ಇಲ್ಲಿ ಅಪರೂಪ. ಈ ಊರನ್ನು ಮತ್ತೆ ಮತ್ತೆ ಕಾಡಿರುವುದು ನೀರು. ಹಾಗಾಗಿ ಇವತ್ತು ಪ್ರವಾಹದ ವಿಷಯ ಮಾತ್ರ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಊರೊಳಗೆ ನುಗ್ಗಿತು. ಸುಮಾರು 15 ಸಾವಿರ ಜನ ಸತ್ತರೆಂದು ಅಂದಾಜು. ಅಫ್ಜಲ್‌ಗಂಜ್‌ನ ಒಂದು ಹುಣಸೆಮರ ಹತ್ತಿ ಕುಳಿತ ನೂರೈವತ್ತು ಜನ ಬದುಕಿಕೊಂಡರು ಎನ್ನುತ್ತಾರೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಆ ಮರವನ್ನು ಒಮ್ಮೆ ನೋಡಿ ಬನ್ನಿ.

ಹೀಗೇಕಾಯಿತು? ಮಳೆ ಜೋರಾಗಿತ್ತು, ನಿಜ. ಜೊತೆಗೆ ನದಿಯ ಮೇಲ್ಭಾಗದಲ್ಲಿ ನೂರಾರು ಕೆರೆಗಳಿದ್ದವು. ಮೇಲಿನ ಕೆರೆಯ ಕಟ್ಟೆ ಒಡೆದರೆ ಆ ನೀರೆಲ್ಲ ಕೆಳಗಿನ ಕೆರೆಗೆ ಬಂದು ಅದೂ ಒಡೆಯುತ್ತದೆ. ಹೀಗೆ ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದವು. ಮರುವರ್ಷ ನಿಜಾಮ್ ಸರ್ಕಾರ ಕರೆಸಿದ್ದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಊರಿಗಿಂತ ಮೇಲೆಯೇ ನೀರನ್ನು ತಡೆದು ನಿಲ್ಲಿಸಬೇಕು ಎಂದರು ಅವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ನಗರಕ್ಕೆ ಒಳಚರಂಡಿ ಯೋಜನೆಯನ್ನೂ ಅವರು ಕೊಟ್ಟರು. ಅದು ಏಕೆ ಮುಖ್ಯ ಎಂದು ಮುಂದೆ ತಿಳಿಯುತ್ತದೆ.

2020ರ ಅಕ್ಟೋಬರ್ 13ರಂದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮತ್ತೆ ಭಾರಿ ಮಳೆ. ಕೆಲವು ಕಡೆ ಒಂದೇ ದಿನ 30 ಸೆಂ.ಮೀ. ದಾಟಿತು. ನಿಮ್ಮ ಸ್ಕೇಲಿನಷ್ಟೇ ಅಲ್ಲವೇ ಅನ್ನಬೇಡಿ! 100 ಚದರ ಮೀಟರ್ ತಾರಸಿಯ ಮೇಲೆ ಅಷ್ಟು ಮಳೆ ಬಿದ್ದರೆ 30 ಸಾವಿರ ಲೀಟರ್ ನೀರು. ಇಡೀ ಊರಿಗೆ ಎಷ್ಟಾಗುತ್ತದೆ, ಲೆಕ್ಕ ಹಾಕಿ. ಇಂಗಲು ಮಣ್ಣಿಲ್ಲ, ಎಲ್ಲ ಕಾಂಕ್ರೀಟು. ಕೆರೆಯ ಜಾಗದಲ್ಲಿ ಕಾಲೋನಿಗಳು, ನಾಲೆಯಲ್ಲಿ ಪ್ಲಾಸ್ಟಿಕ್. ಮಳೆ ಪ್ರಕೃತಿಯದು, ಉಳಿದದ್ದೆಲ್ಲ ನಮ್ಮದೇ ಕೆಲಸ.

ಈಗ ಆರೋಗ್ಯದ ಮಾತು. ರಸ್ತೆಯಲ್ಲಿ ನಿಂತ ನೀರು ಬರೀ ಮಳೆನೀರಲ್ಲ, ಮ್ಯಾನ್‌ಹೋಲಿನ ಕೊಳಚೆಯೂ ಅದರಲ್ಲಿದೆ. ಅದು ಸಂಪಿಗೆ ಇಳಿಯುತ್ತದೆ, ಒಡೆದ ಪೈಪಿನಿಂದ ನಲ್ಲಿಗೂ ಬರುತ್ತದೆ. ವಾಂತಿಭೇದಿ, ಕಾಲರಾ, ಟೈಫಾಯ್ಡ್, ಕಾಮಾಲೆ ಹರಡುವುದು ಹೀಗೆ. ನೀರು ತಿಳಿಯಾಗಿ ಕಂಡರೂ ನಂಬಬೇಡಿ. ಕುದಿ ಬಂದ ಮೇಲೂ ಒಂದು ನಿಮಿಷ ಕುದಿಸಿ, ಆರಿಸಿ ಕುಡಿಯಿರಿ. ಸಂಪನ್ನು ಖಾಲಿ ಮಾಡಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಲು ದೊಡ್ಡವರಿಗೆ ನೆನಪಿಸಿ.

ಭೇದಿ ಶುರುವಾದರೆ ಓಆರ್‌ಎಸ್ ಕೊಡಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟ ಟೀಚಮಚ ಸಕ್ಕರೆ, ಅರ್ಧ ಮಟ್ಟ ಟೀಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಪುಟ್ಟ ತಮ್ಮನೋ ತಂಗಿಯೋ ಮಂಕಾಗಿ ಮಲಗಿದರೆ, ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ ಕಾಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. 108ಕ್ಕೆ ಫೋನ್ ಮಾಡಬಹುದು.

ನೀರು ನಿಂತ ಕಡೆ ಕರೆಂಟ್ ಕಂಬ ಮುಟ್ಟಬೇಡಿ. ಹಾವು ಕಚ್ಚಿದರೆ ಹಗ್ಗ ಕಟ್ಟುವುದು, ಕೊಯ್ಯುವುದು ಬೇಡ, ನೇರ ಆಸ್ಪತ್ರೆಗೆ ಹೋಗಿ. ವಾರದೊಳಗೆ ಡೆಂಗಿ ಸೊಳ್ಳೆಯೂ ಹುಟ್ಟುತ್ತದೆ, ಟೈರು, ಹೂಕುಂಡದ ತಟ್ಟೆಯ ನೀರು ಚೆಲ್ಲಿ.

ಕೊನೆಯದಾಗಿ ಇಲಿ ಜ್ವರ. ಇಲಿಯ ಮೂತ್ರದಲ್ಲಿರುವ ರೋಗಾಣು ನೀರಿಗೆ ಸೇರಿ ಕಾಲಿನ ಸಣ್ಣ ಗಾಯದಿಂದಲೂ ಒಳಗೆ ಹೋಗುತ್ತದೆ. ಆ ನೀರಲ್ಲಿ ಆಟವಾಡಬೇಡಿ. ನಡೆಯಲೇಬೇಕಾದರೆ ಬೂಟು ಹಾಕಿ, ಮನೆಗೆ ಬಂದು ಸೋಪಿನಿಂದ ತೊಳೆಯಿರಿ. ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಾಣಿಸುತ್ತದೆ. ಅಷ್ಟರಲ್ಲಿ ಮಳೆಯ ವಿಷಯ ಎಲ್ಲರಿಗೂ ಮರೆತಿರುತ್ತದೆ. ಡಾಕ್ಟರ್ ಕೇಳದಿದ್ದರೂ "ನಾನು ಪ್ರವಾಹದ ನೀರಲ್ಲಿ ನಡೆದಿದ್ದೆ" ಎಂದು ನೀವೇ ಹೇಳಿ. ಬೇಗ ಗೊತ್ತಾದರೆ ಮಾತ್ರೆಯಲ್ಲೇ ವಾಸಿಯಾಗುವ ಕಾಯಿಲೆ ಇದು.