ಕೋಥಳಿಯ ಮಕ್ಕಳು ಉತ್ತರಕ್ಕೆ ಹೋಗುವುದೇಕೆ?

ನಮ್ಮ ಹುಡುಗರು ಒಂದು ವರ್ಷ ಬೇರೆ ಸೀಮೆಯ ಶಾಲೆಯಲ್ಲಿ ಓದುವುದು, ಅಲ್ಲಿಯವರು ಇಲ್ಲಿಗೆ ಬರುವುದು. ಈ ಮಾತು ತೆಗೆದರೆ ಏಕಸಂಬಿ, ಸದಲಗಾ ಕಡೆಯ ಕಟ್ಟೆಗಳ ಮೇಲೆ ಕೇಳಿಬರುವ ಆಕ್ಷೇಪಗಳು ಹೆಚ್ಚುಕಡಿಮೆ ಒಂದೇ. ಒಂದೊಂದಾಗಿ ನೋಡೋಣ.

ಕಲ್ಪನೆ: “ಇದೆಲ್ಲಾ ಫಾರೆನ್ ಮಂದಿ ಮಕ್ಕಳ ಶೋಕಿರಿ.”

ಸತ್ಯ: ಯುರೋಪಿನಲ್ಲಿ ಇದು ಹುಟ್ಟಿದ್ದೇ ಯುದ್ಧದ ಗಾಯದಿಂದ. ಎಪ್ಪತ್ತೈದು ವರ್ಷಗಳಲ್ಲಿ ಮೂರು ಸಲ ಕಾದಾಡಿದ ಫ್ರಾನ್ಸ್ ಮತ್ತು ಜರ್ಮನಿ 1963ರ ಜನವರಿ 22ರಂದು ಎಲಿಸೀ ಒಪ್ಪಂದಕ್ಕೆ ಸಹಿ ಹಾಕಿದವು. ಹರೆಯದವರನ್ನು ಪರಸ್ಪರ ಕಳುಹಿಸಲೆಂದೇ ಅದೇ ವರ್ಷ ಜಂಟಿ ಕಚೇರಿ ತೆರೆದವು. ನಮ್ಮಲ್ಲಿ ಅಂಥ ವ್ಯವಸ್ಥೆಗಾಗಿ ದಿಲ್ಲಿಯತ್ತ ನೋಡಬೇಕಿಲ್ಲ. ಚಿಕ್ಕೋಡಿ ಸೀಮೆಯ ಕೋಥಳಿಯಲ್ಲೇ ಜವಾಹರ ನವೋದಯ ವಿದ್ಯಾಲಯವಿದೆ. ದೇಶದ ಮೊದಲ ಎರಡು ನವೋದಯಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಆರಂಭವಾದವು. ಅಂದಿನಿಂದಲೂ ಈ ಶಾಲೆಗಳ ಉದ್ದೇಶಗಳಲ್ಲಿ ಒಂದು ಮಕ್ಕಳ ವಿನಿಮಯ: ಒಂಬತ್ತನೇ ತರಗತಿಯ ಶೇ. 30ರಷ್ಟು ಮಕ್ಕಳು ಹಿಂದಿ ಜಿಲ್ಲೆಯಿಂದ ಹಿಂದಿಯೇತರ ಜಿಲ್ಲೆಗೆ, ಅಲ್ಲಿಂದ ಇಲ್ಲಿಗೆ ಹೋಗಿ ಬರಬೇಕು. ತರಗತಿಯಲ್ಲಿ 80 ಮಕ್ಕಳಿದ್ದರೆ 24. ಶ್ರೀಮಂತರ ಮಾತಂತೂ ದೂರ. ಇಲ್ಲಿನ ಸೀಟುಗಳಲ್ಲಿ ಕನಿಷ್ಠ ಶೇ. 75 ಹಳ್ಳಿ ಮಕ್ಕಳಿಗೇ ಮೀಸಲು. ಊಟ, ವಸತಿ, ಸಮವಸ್ತ್ರ, ಪುಸ್ತಕ ಎಲ್ಲವೂ ಉಚಿತ.

ಕಲ್ಪನೆ: “ಅಲ್ಲಿ ಹೋದ್ರ ಹುಡುಗ ಕನ್ನಡಾ ಮರೀತಾನ, ಹತ್ತನೇದೂ ಕೆಡತೈತಿ.”

ಸತ್ಯ: ಹೋಗುವುದು ಒಂಬತ್ತನೇ ತರಗತಿಗೆ ಮಾತ್ರ. ಹತ್ತನೆಯ ಬೋರ್ಡ್ ಪರೀಕ್ಷೆ ಹೊತ್ತಿಗೆ ಮಗು ತನ್ನ ಶಾಲೆಯಲ್ಲೇ ಇರುತ್ತದೆ. ಕನ್ನಡದ ವಿಷಯದಲ್ಲಿ ಆಗುವುದು ತಿರುವುಮುರುವು. ಹಿಂದಿ ಜಿಲ್ಲೆಯ ನವೋದಯದಲ್ಲಿ ಮೂರನೆಯ ಭಾಷೆ ಯಾವುದೆಂಬುದು ಅಲ್ಲಿಗೆ ಬರುವ ಮಕ್ಕಳ ಭಾಷೆಯ ಮೇಲೆ ನಿಂತಿದೆ. ಅಂದರೆ ಕರ್ನಾಟಕದ ಜೋಡಿ ಶಾಲೆಯಲ್ಲಿ ಉತ್ತರದ ಹುಡುಗರೂ ‘ಅ ಆ ಇ ಈ’ ತಿದ್ದುತ್ತಾರೆ. ಕನ್ನಡದ ಪ್ರಚಾರಕ್ಕೆಂದು ನಾವು ಮಾಡುವ ಎಷ್ಟೋ ಸಮಾರಂಭಗಳಿಗಿಂತ ಇದು ಗಟ್ಟಿ ಕೆಲಸ.

ಕಲ್ಪನೆ: “ನಾವು ಗಡಿಯಾಗಿನ ಮಂದಿ. ಕನ್ನಡಾ, ಮರಾಠಿ ಎರಡೂ ಬರತಾವ. ನಮಗ ಬೆರೆಯೂದು ಯಾರ್ ಕಲಿಸಬೇಕ್ರಿ?”

ಸತ್ಯ: ಇದು ಎಲ್ಲಕ್ಕಿಂತ ಆಳವಾಗಿ ಬೇರೂರಿದ ತಪ್ಪು. ದೂಧಗಂಗೆಯ ದಂಡೆಯವರಿಗೆ ಎರಡು ಭಾಷೆ ಬರುತ್ತದೆ, ನಿಜ. ಆದರೆ ಪ್ರತಿವರ್ಷ ಕಬ್ಬಿನ ಹಂಗಾಮಿಗೆ ಮರಾಠವಾಡಾದಿಂದ ಬರುವ ಗ್ಯಾಂಗುಗಳನ್ನು ನೆನಪಿಸಿಕೊಳ್ಳಿ. ಊರ ಹೊರಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಅವರ ಮರಾಠಿ ನಮಗೆ ತಿಳಿಯುತ್ತದೆ, ಅವರ ಮಕ್ಕಳು ನಮ್ಮ ಮಕ್ಕಳ ವಾರಿಗೆಯವರೇ. ಆ ಮಕ್ಕಳಲ್ಲಿ ಒಬ್ಬರ ಹೆಸರಾದರೂ ನಮ್ಮ ಹುಡುಗರಿಗೆ ಗೊತ್ತಿದೆಯೇ?

ಭಾಷೆ ಬಂದರೂ, ನೆರೆಯಲ್ಲಿದ್ದರೂ ಮನಸ್ಸು ಬೆರೆಯದಿರಲು ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಪೂರ್ವಗ್ರಹ ಕರಗಲು ನಾಲ್ಕು ಷರತ್ತು ಹೇಳಿದ: ಇಬ್ಬರದೂ ಸಮಾನ ಸ್ಥಾನ, ಇಬ್ಬರಿಗೂ ಒಂದೇ ಗುರಿ, ಅದಕ್ಕಾಗಿ ಕೂಡಿ ದುಡಿಮೆ, ಮೇಲಿನವರ ಬೆಂಬಲ. ಸಂಶೋಧಕರಾದ ಪೆಟ್ಟಿಗ್ರೂ ಮತ್ತು ಟ್ರಾಪ್ 2006ರಲ್ಲಿ 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ಅಳೆದು ನೋಡಿದಾಗಲೂ ಈ ಷರತ್ತುಗಳಿದ್ದ ಕಡೆ ಫಲ ಹೆಚ್ಚು ಕಂಡಿತು. ಕಬ್ಬಿನ ಗದ್ದೆಯಲ್ಲಿ ಮೊದಲನೆಯ ಷರತ್ತೇ ಇಲ್ಲ: ಒಬ್ಬ ಮಾಲೀಕನ ಮಗ, ಇನ್ನೊಬ್ಬ ಕೂಲಿಯವನ ಮಗ.

ಇದನ್ನು ಕಂಡುಕೊಳ್ಳಲು ನಮ್ಮ ಸೀಮೆ ಅಮೆರಿಕದ ಪುಸ್ತಕಕ್ಕೆ ಕಾದಿರಲಿಲ್ಲ. ಗಡಿಯಾಚೆಗಿನ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಕರ್ಮವೀರ ಭಾವೂರಾವ್ ಪಾಟೀಲರು ರಯತ ಶಿಕ್ಷಣ ಸಂಸ್ಥೆ ಕಟ್ಟಿದವರು. ಅವರು 1924ರಲ್ಲಿ ಸಾತಾರಾದಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಒಂದೇ ವಸತಿಗೃಹ ತೆರೆದರು. ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರ ಉತ್ತೇಜನದಿಂದ ಎದ್ದ ವಸತಿಗೃಹಗಳು ಬಹುಪಾಲು ಒಂದೊಂದು ಸಮಾಜಕ್ಕೆ ಒಂದೊಂದು. ಅವು ಬಡಮಕ್ಕಳನ್ನು ಓದಿಸಿದವು, ಅದು ಸಣ್ಣ ಮಾತಲ್ಲ. ಆದರೆ ಬೇರೆ ಬೇರೆ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಕೆಲಸಕ್ಕೆ ಕೈಹಚ್ಚಿದ್ದು ಸಾತಾರಾದಲ್ಲಿ. ಒಂದೇ ಕೋಣೆ, ಒಂದೇ ತಾಟು, ಒಂದೇ ಬೆಳಗಿನ ಗಂಟೆ ಎಂಬ ನವೋದಯದ ವಿನಿಮಯವೂ ನಿಂತಿರುವುದು ಈ ತಳಪಾಯದ ಮೇಲೇ.

ಕಲ್ಪನೆ: “ಒಂದ್ ಟ್ರಿಪ್ ಮಾಡಿಸಿದ್ರ ಸಾಕಲ್ಲ?”

ಸತ್ಯ: ಸಾಲದು. 2015ರಲ್ಲಿ ಘೋಷಣೆಯಾದ ‘ಏಕ್ ಭಾರತ್ ಶ್ರೇಷ್ಠ ಭಾರತ್’ ಯೋಜನೆಯಲ್ಲಿ ಕರ್ನಾಟಕಕ್ಕೆ ಉತ್ತರಾಖಂಡ ಜೋಡಿ. ಅವರ ಹಾಡು ನಾವು, ನಮ್ಮ ಕುಣಿತ ಅವರು ಕಲಿಯುವುದು ಚೆಂದವೇ. ಆದರೆ ಪ್ರವಾಸದಲ್ಲಿ ಎಲ್ಲರೂ ಅತಿಥಿಗಳು. ಜಗಳವಾಡುವಷ್ಟು ಸಮಯ ಸಿಗುವುದಿಲ್ಲ. ಜಗಳವಾಡಿ ರಾಜಿಯಾಗುವಷ್ಟಾದರೂ ಒಟ್ಟಿಗಿರದೆ ಯಾರು ಯಾರನ್ನೂ ಅರಿಯಲಾರರು.

ನವೋದಯದ ವಿನಿಮಯದಲ್ಲಿ ಕೊರತೆ ಇಲ್ಲವೆಂದಲ್ಲ. ಊಟ ಒಗ್ಗದ ಹುಡುಗರು, ರೊಟ್ಟಿ ನೆನೆದು ಅಳುವವರು ಇದ್ದೇ ಇರುತ್ತಾರೆ. ಹದಿನಾಲ್ಕರ ಮಗುವನ್ನು ಅಷ್ಟು ದೂರ ಬಿಡಲು ತಾಯಿ ಹಿಂಜರಿಯುವುದೂ ಸಹಜ. ಹೋದ ಶಾಲೆಯ ಶಿಕ್ಷಕರು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆಂಬುದರ ಮೇಲೆ ಬಹಳಷ್ಟು ನಿಂತಿದೆ. ಹಾಗೆಯೇ ಅಲ್ಲಿಂದ ಕೋಥಳಿಗೆ ಬರುವ ಮಕ್ಕಳ ಹೊಣೆ ನಮ್ಮದು. ಹಬ್ಬದ ದಿನ ಅವರಿಗೊಂದು ಹೋಳಿಗೆ ಮುಟ್ಟಿಸುವುದು ಸುತ್ತಲಿನ ಊರವರಿಗೆ ಭಾರವಾಗದು.

ಮನೆಯಲ್ಲಿ ಐದನೇ ಇಯತ್ತೆಯ ಮಗುವಿದ್ದರೆ ಈಗಲೇ ವಿಚಾರಿಸಿ. ನವೋದಯದ ಆರನೇ ತರಗತಿಯ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ಆದರೆ ಅದಕ್ಕೆ ಎರಡನೇ ಅವಕಾಶವಿಲ್ಲ.